ಚೆನ್ನಮ್ಮ ಸರ್ಕಲ್‌ಗೂ ಸರ್ಕಸ್ಸಿಗೂ ಏನು ನಂಟು?

ಸಂಜೆ ಆರರ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಯಾವ ಆಟೋದವರನ್ನಾದರೂ ಮಾತಿಗೆಳೆಯಿರಿ. "ಚೆನ್ನಮ್ಮ ಸರ್ಕಲ್ ದಾಟೂದು ಅಂದ್ರ ದೊಡ್ಡ ಸರ್ಕಸ್ ಐತಿ ನೋಡ್ರಿ" ಅಂತಾರೆ. ಆ ಒಂದು ಮಾತಿನಲ್ಲಿ ಒಂದೇ ಮನೆತನದ ಶಬ್ದ ಎರಡು ಸಲ ಬಂದು ಹೋಗಿದೆ. ಲ್ಯಾಟಿನ್ ಭಾಷೆಯಲ್ಲಿ ‘ಕಿರ್ಕುಸ್’ ಅಂದರೆ ಬಳೆ, ಉಂಗುರ, ಸುತ್ತು. ಚಿಕ್ಕದು ಎಂದು ತೋರಿಸುವ ಪ್ರತ್ಯಯ ಸೇರಿಸಿದರೆ ಅದು ‘ಕಿರ್ಕುಲುಸ್’ ಆಗುತ್ತದೆ, ಅಂದರೆ ಪುಟ್ಟ ಬಳೆ. ಕಿರ್ಕುಸ್ ಇಂಗ್ಲಿಷಿಗೆ ಹೋಗಿ ಸರ್ಕಸ್ ಆಯಿತು. ಕಿರ್ಕುಲುಸ್ ಫ್ರೆಂಚಿನ ದಾರಿ ಹಿಡಿದು ಬಂದು ಸರ್ಕಲ್ ಆಯಿತು. ರೋಮನ್ನರ ಬಾಯಲ್ಲಿ ಆ ಅಕ್ಷರ ‘ಕ’ ಆಗಿಯೇ ಇತ್ತು, ‘ಸ’ ಆದದ್ದು ಆಮೇಲೆ. ಲ್ಯಾಟಿನ್ನಿಗಿಂತ ಹಿಂದೆ ಹೋದರೆ ಗ್ರೀಕ್ ಸಿಗುತ್ತದೆ. ಅಲ್ಲಿ ‘ಕಿರ್ಕೋಸ್’ ಅಂದರೂ ಉಂಗುರವೇ, ‘ಕ್ರಿಕೋಸ್’ ಅಂದರೂ ಉಂಗುರವೇ.

ಹೀಗಾಗಿ ಶಬ್ದದ ಲೆಕ್ಕದಲ್ಲಿ ಸರ್ಕಸ್ ತಾಯಿ, ಸರ್ಕಲ್ ಅದರ ಮಗು. ನಾವು ರಸ್ತೆ ಕೂಡುವ ಜಾಗಕ್ಕೆ ಮಗುವಿನ ಹೆಸರಿಟ್ಟೆವು: ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್, ಧಾರವಾಡದ ಜುಬಿಲಿ ಸರ್ಕಲ್. ಲಂಡನ್ನಿನವರು ತಾಯಿಯ ಹೆಸರನ್ನೇ ಇಟ್ಟರು. ಅಲ್ಲಿನ ಪಿಕಡಿಲಿ ಸರ್ಕಸ್ ಹೆಸರು ಕೇಳಿ ಆನೆ, ಜೋಕರ್ ಹುಡುಕಿಕೊಂಡು ಹೋದರೆ ಬಸ್ಸು ಮತ್ತು ಜಾಹೀರಾತು ದೀಪ ಬಿಟ್ಟರೆ ಏನೂ ಸಿಗುವುದಿಲ್ಲ. 1819ರಲ್ಲಿ ಎರಡು ದೊಡ್ಡ ರಸ್ತೆಗಳನ್ನು ಕೂಡಿಸಲು ಕಟ್ಟಿದ ದುಂಡನೆಯ ಜಾಗ ಅದು. 1886ರಲ್ಲಿ ಇನ್ನೊಂದು ರಸ್ತೆ ನುಗ್ಗಿಸಿದ ಮೇಲೆ ಆ ದುಂಡೂ ಹೋಯಿತು, ಹೆಸರಷ್ಟೇ ಉಳಿಯಿತು. ಇಂಗ್ಲೆಂಡಿನ ಬಾತ್ ಊರಿನಲ್ಲಿ ಬಿಲ್ಲಿನಂತೆ ಬಾಗಿದ ಮೂರು ಮನೆಸಾಲುಗಳು ಸೇರಿ ಒಂದು ಪೂರ್ತಿ ಸುತ್ತು ಆಗುತ್ತವೆ. 1754ರಲ್ಲಿ ಕಟ್ಟಲು ಶುರು ಮಾಡಿ 1768ರಲ್ಲಿ ಮುಗಿಸಿದ ಆ ಜಾಗದ ಹೆಸರೂ ಸುಮ್ನೆ ‘ಸರ್ಕಸ್’. ದೆಹಲಿಯ ಕನಾಟ್ ಪ್ಲೇಸ್ ಸುತ್ತಲಿನ ಹೊರಗಿನ ವೃತ್ತವನ್ನು ಬ್ರಿಟಿಷರು ಕನಾಟ್ ಸರ್ಕಸ್ ಎಂದು ಕರೆದದ್ದೂ ಇದೇ ಅರ್ಥದಲ್ಲಿ.

ಇನ್ನು ಮೂಲದ ಊರಿಗೆ ಹೋಗೋಣ. ರೋಮ್ ನಗರದ ಪಲಟೈನ್ ಮತ್ತು ಅವೆಂಟೈನ್ ಗುಡ್ಡಗಳ ನಡುವೆ ಒಂದು ಉದ್ದನೆಯ ತಗ್ಗು ಇದೆ. ಅಲ್ಲಿದ್ದದ್ದು ‘ಕಿರ್ಕುಸ್ ಮ್ಯಾಕ್ಸಿಮುಸ್’, ಅಂದರೆ ಎಲ್ಲಕ್ಕಿಂತ ದೊಡ್ಡ ಸರ್ಕಸ್. ತಮಾಷೆ ಏನೆಂದರೆ ಅದು ದುಂಡಗೆ ಇರಲೇ ಇಲ್ಲ. ಉದ್ದ ಸುಮಾರು 600 ಮೀಟರ್, ಅಗಲ 120 ಮೀಟರಿನ ಆಸುಪಾಸು. ಒಂದು ತುದಿ ಅರ್ಧಚಂದ್ರಾಕಾರ, ಇನ್ನೊಂದು ತುದಿಯಲ್ಲಿ ರಥಗಳು ಹೊರಬೀಳಲು 12 ಬಾಗಿಲು. ನಡುವೆ ಉದ್ದಕ್ಕೆ ಒಂದು ಕಟ್ಟೆ. ಆ ಕಟ್ಟೆಯ ಸುತ್ತ ರಥಗಳು ಏಳು ಸುತ್ತು ಓಡಬೇಕಿತ್ತು. ಕಟ್ಟಡದ ಆಕಾರ ಹೇಗೇ ಇರಲಿ, ಓಟ ಸುತ್ತಿನ ಓಟವಾಗಿತ್ತಲ್ಲ, ಹೆಸರು ಅದಕ್ಕೇ ಅಂಟಿಕೊಂಡಿತು. ಎಷ್ಟು ಸುತ್ತು ಮುಗಿಯಿತು ಎಂದು ದೂರದಲ್ಲಿ ಕುಳಿತವರಿಗೂ ತಿಳಿಯಲೆಂದು ಕಟ್ಟೆಯ ಮೇಲೆ ಮೊಟ್ಟೆಯಾಕಾರದ ಗುಂಡುಗಳನ್ನೂ ಡಾಲ್ಫಿನ್ ಬೊಂಬೆಗಳನ್ನೂ ಇಟ್ಟಿದ್ದರು. ಒಂದೊಂದು ಸುತ್ತಿಗೆ ಒಂದೊಂದನ್ನು ಸರಿಸುತ್ತಿದ್ದರು.

ಅಲ್ಲಿ ಒಂದೂವರೆ ಲಕ್ಷ ಜನ ಕೂರುತ್ತಿದ್ದರು ಎಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಇನ್ನೂ ಜಾಸ್ತಿ ಹೇಳುವವರೂ ಇದ್ದಾರೆ. ನಾಲ್ಕು ಕುದುರೆ ಕಟ್ಟಿದ ಹಗುರ ರಥ. ಸಾರಥಿ ಲಗಾಮನ್ನು ಕೈಯಲ್ಲಿ ಹಿಡಿಯುವುದಷ್ಟೇ ಅಲ್ಲ, ಸೊಂಟಕ್ಕೂ ಸುತ್ತಿಕೊಳ್ಳುತ್ತಿದ್ದ. ತಿರುವಿನಲ್ಲಿ ಮೈಭಾರವನ್ನೆಲ್ಲ ಹಾಕಿ ಎಳೆಯಲು ಅದು ಅನುಕೂಲ. ರಥ ಮುರಿದರೆ ಮಾತ್ರ ಕುದುರೆಗಳು ಅವನನ್ನು ನೆಲದ ಮೇಲೆ ಎಳೆದುಕೊಂಡೇ ಓಡುತ್ತವೆ. ಅದಕ್ಕಾಗಿ ಲಗಾಮು ಕತ್ತರಿಸಲು ಮೈಮೇಲೆ ಒಂದು ಚಾಕು ಇರುತ್ತಿತ್ತು. ಎರಡನೇ ಶತಮಾನದಲ್ಲಿ ಡಯೋಕ್ಲಿಸ್ ಎಂಬ ಸಾರಥಿ 24 ವರ್ಷ ಓಡಿಸಿ, 4,257 ಓಟಗಳಲ್ಲಿ 1,462 ಗೆದ್ದು, 42ನೇ ವಯಸ್ಸಿಗೆ ಜೀವಸಹಿತ ನಿವೃತ್ತನಾದ. ಇದನ್ನು ಕಲ್ಲಿನಲ್ಲಿ ಕೆತ್ತಿಸಿ ಇಟ್ಟಿದ್ದರು. ನನಗೆ ಆ ಗೆಲುವಿಗಿಂತ ನಿವೃತ್ತಿಯೇ ದೊಡ್ಡದು ಅನಿಸುತ್ತದೆ.

ಜನ ಕುದುರೆಗಿಂತ ಬಣ್ಣಕ್ಕೆ ಜಾಸ್ತಿ ಮರುಳಾಗಿದ್ದರು. ಕೆಂಪು, ಬಿಳಿ, ನೀಲಿ, ಹಸಿರು ಎಂಬ ನಾಲ್ಕು ಪಂಗಡ. ಹಾವೇರಿ ಕಡೆಯ ಹೋರಿ ಹಬ್ಬ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೊಂದು ಹೋರಿಗೂ ಒಂದು ಬಿರುದು, ಅದರ ಹೆಸರು ಬರೆದ ಟೀ ಶರ್ಟ್ ತೊಟ್ಟ ಹುಡುಗರ ದಂಡು, ಕೊಬ್ಬರಿ ಹಾರ ಯಾರೂ ಹರಿಯದೆ ಹೋರಿ ಪಾರಾದರೆ ಕೇಕೆ. ರೋಮಿನ ಅಭಿಮಾನವೂ ಇದೇ ಜಾತಿಯದು, ಆದರೆ ಅದು ರಾಜಕೀಯಕ್ಕೆ ತಿರುಗಿತು. 532ರಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ನೀಲಿಯವರೂ ಹಸಿರಿನವರೂ ಒಂದಾಗಿ ಚಕ್ರವರ್ತಿಯ ಮೇಲೆಯೇ ದಂಗೆ ಎದ್ದರು. ಸುಮಾರು 30,000 ಜನ ಸತ್ತರು ಎಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ.

‘ಅನ್ನ ಮತ್ತು ಸರ್ಕಸ್’ ಎಂಬ ಮಾತನ್ನು ನೀವು ಕೇಳಿರಬಹುದು. ಜನರಿಗೆ ಇವೆರಡು ಸಿಕ್ಕರೆ ಸಾಕು, ಬೇರೇನೂ ಕೇಳುವುದಿಲ್ಲ ಎಂದು ರೋಮನ್ ಕವಿ ಜುವೆನಲ್ ಚುಚ್ಚಿದ್ದ. ಅದನ್ನು ಓದುವಾಗ ನಮ್ಮ ಕಣ್ಣಮುಂದೆ ಡೇರೆ, ಜೋಕರ್, ಜೋಕಾಲಿ ಬರುತ್ತವೆ. ಜುವೆನಲ್ ಹೇಳಿದ್ದು ರಥದ ಓಟವನ್ನು. ಕೊಲೋಸಿಯಮ್ ಕೂಡ ಸರ್ಕಸ್ ಅಲ್ಲ. ಅದು ಆಂಫಿಥಿಯೇಟರ್, ಅಂದರೆ ಸುತ್ತಲೂ ಆಸನಗಳಿರುವ ಅಖಾಡ. ಅಲ್ಲಿ ಮನುಷ್ಯರೂ ಪ್ರಾಣಿಗಳೂ ಕಾದಾಡುತ್ತಿದ್ದರು. ಸರ್ಕಸ್ಸಿನ ಮುಖ್ಯ ಆಕರ್ಷಣೆ ಓಟ.

ಈ ಹೆಸರಿಗೆ ಇನ್ನೊಂದು ಕಥೆಯನ್ನೂ ಕಟ್ಟಿದ್ದರು. ಕ್ರಿಸ್ತಶಕ 200ರ ಸುಮಾರಿಗೆ ಕಾರ್ತೇಜಿನ ಕ್ರೈಸ್ತ ಲೇಖಕ ಟರ್ಟುಲಿಯನ್, ಈ ಆಟ ಶುರುಮಾಡಿದವಳು ಕಿರ್ಕೆ ಎಂಬ ಮಾಯಾವಿನಿ, ಅವಳು ತನ್ನ ತಂದೆ ಸೂರ್ಯನಿಗಾಗಿ ಮೊದಲ ಓಟ ನಡೆಸಿದಳು, ಅವಳಿಂದಲೇ ಹೆಸರು ಬಂತು ಎಂಬ ಮಾತನ್ನು ದಾಖಲಿಸಿದ. ಇಂಥ ಮೋಜುಗಳೆಲ್ಲ ಸುಳ್ಳುದೇವರ ಪೂಜೆ ಎಂದು ತೋರಿಸುವುದು ಅವನ ಉದ್ದೇಶ. ಭಾಷಾತಜ್ಞರು ಈ ವ್ಯುತ್ಪತ್ತಿಯನ್ನು ಒಪ್ಪುವುದಿಲ್ಲ. ಆದರೆ ಕಿರ್ಕೆ ನಮ್ಮನ್ನು ಒಂದು ಒಳ್ಳೆಯ ಅಡ್ಡದಾರಿಗೆ ಕರೆದೊಯ್ಯುತ್ತಾಳೆ. ಗ್ರೀಕಿನಲ್ಲಿ ‘ಕಿರ್ಕೋಸ್’ ಅಂದರೆ ಉಂಗುರ ಮಾತ್ರವಲ್ಲ, ಒಂದು ಬಗೆಯ ಗಿಡುಗವೂ ಹೌದು. ಕಿರ್ಕೆ ಅದರ ಹೆಣ್ಣು ರೂಪದಂತಿದೆ. ಸುತ್ತು ಹೊಡೆದು ಹಾರುವುದರಿಂದ ಆ ಹಕ್ಕಿಗೆ ಆ ಹೆಸರು ಎನ್ನುತ್ತಾರೆ. ಮುಂದೆ ಜೀವಶಾಸ್ತ್ರಜ್ಞರು ಅದನ್ನೇ ಎತ್ತಿಕೊಂಡು ಒಂದು ಹಕ್ಕಿ ಕುಲಕ್ಕೆ ‘ಸರ್ಕಸ್’ ಎಂದು ಹೆಸರಿಟ್ಟರು.

ಆ ಸರ್ಕಸ್ ಪ್ರತಿ ಚಳಿಗಾಲ ಟಿಕೆಟ್ ಇಲ್ಲದೆ ನಮ್ಮ ಕಡೆ ಬರುತ್ತದೆ. ಇಂಗ್ಲಿಷಿನಲ್ಲಿ ಹ್ಯಾರಿಯರ್, ಕನ್ನಡದ ಹಕ್ಕಿಪ್ರಿಯರ ಬಾಯಲ್ಲಿ ‘ಸೆಳೆವ’. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೆಬ್ಬಾತು ನೋಡಲು ಹೋದಾಗ ನೀರಹಕ್ಕಿಗಳೆಲ್ಲ ಒಮ್ಮೆಲೇ ಗಾಬರಿಯಾಗಿ ಎದ್ದರೆ ಮೇಲೆ ಜೌಗು ಸೆಳೆವ ಇದೆಯಾ ನೋಡಿ. ಅದರ ವೈಜ್ಞಾನಿಕ ಹೆಸರು ಸರ್ಕಸ್ ಎರುಜಿನೋಸಸ್. ಎರಿ ಹೊಲದ ಬಿಳಿಜೋಳ, ಕಡಲೆ ಬೆಳೆಯ ಮೇಲೆ, ರಾಣೆಬೆನ್ನೂರಿನ ಕೃಷ್ಣಮೃಗಗಳ ಹುಲ್ಲುಗಾವಲಿನ ಮೇಲೆ ಹಾರುವವು ಅದರ ಬಳಗದ ಬೇರೆ ಜಾತಿಗಳು. ಕೆಲವು ಕಜಾಕಿಸ್ತಾನದ ಬಯಲಿನಿಂದ ಬರುತ್ತವೆ. ರೆಕ್ಕೆಯನ್ನು ಇಂಗ್ಲಿಷಿನ ವಿ ಅಕ್ಷರದಂತೆ ತುಸು ಎತ್ತಿ, ಬೆಳೆಯ ತೆನೆ ತಾಗುವಷ್ಟು ಕೆಳಗೆ, ಹೊಲವನ್ನು ಗೆರೆ ಗೆರೆಯಾಗಿ ಶೋಧಿಸುತ್ತ ಹೋಗುತ್ತವೆ. ಮಿಡತೆಯನ್ನು ಜಾಸ್ತಿ ತಿನ್ನುವುದರಿಂದ ರೈತರಿಗೂ ಲಾಭ. ಹಾಗೆ ನೋಡಿದರೆ ಇಲ್ಲಿ ಅವು ಸುತ್ತು ಹೊಡೆಯುವುದೇ ಕಡಿಮೆ, ಹೆಸರು ಮಾತ್ರ ಸರ್ಕಸ್!

ಸರಿ, ರೋಮಿಗೆ ಮರಳೋಣ. ಕಿರ್ಕುಸ್ ಮ್ಯಾಕ್ಸಿಮುಸ್‌ನಲ್ಲಿ ಕೊನೆಯ ಓಟ ನಡೆದದ್ದು 549ರಲ್ಲಿ. ಅಲ್ಲಿಂದ ಮುಂದೆ ಸಾವಿರ ವರ್ಷಕ್ಕೂ ಮಿಕ್ಕಿ ಸರ್ಕಸ್ ಅಂದರೆ ಹಳೇ ರೋಮಿನ ಓಟದ ಬಯಲು, ಅಷ್ಟೇ. ಅದಕ್ಕೆ ಇವತ್ತಿನ ಅರ್ಥ ಕೂಡಿಬಂದದ್ದು ಲಂಡನ್ನಿನಲ್ಲಿ, ಒಬ್ಬ ನಿವೃತ್ತ ಸೈನಿಕನ ಕುದುರೆ ಶಾಲೆಯಿಂದ.

ಫಿಲಿಪ್ ಆ್ಯಸ್ಟ್ಲಿ ಅಶ್ವದಳದಲ್ಲಿ ಸಾರ್ಜೆಂಟ್ ಮೇಜರ್ ಆಗಿದ್ದವನು. 1768ರಲ್ಲಿ ಥೇಮ್ಸ್ ನದಿಯ ದಕ್ಷಿಣ ದಂಡೆಯ ಲ್ಯಾಂಬೆತ್‌ನಲ್ಲಿ ಬಯಲು ಜಾಗ ಹಿಡಿದು ಬೆಳಿಗ್ಗೆ ಸವಾರಿ ಕಲಿಸುತ್ತಿದ್ದ, ಮಧ್ಯಾಹ್ನದ ಮೇಲೆ ತಾನೇ ಕುದುರೆಯ ಬೆನ್ನ ಮೇಲೆ ನಿಂತು ಕರಾಮತ್ತು ತೋರಿಸುತ್ತಿದ್ದ. ಕುದುರೆ ಮೇಲಿನ ಆಟ ಅವನಿಗಿಂತ ಮುಂಚೆಯೂ ಇತ್ತು. ಬಹಳ ಜನ ನೇರ ದಾರಿಯಲ್ಲಿ ಓಡಿಸಿ ತೋರಿಸುತ್ತಿದ್ದರು. ಹಾಗೆ ಮಾಡಿದರೆ ನೋಡುವವರಿಗೆ ಸವಾರ ಕ್ಷಣಮಾತ್ರ ಕಾಣುತ್ತಾನೆ. ಸುತ್ತಿನಲ್ಲಿ ಓಡಿಸಿದರೆ ಎಲ್ಲರಿಗೂ ಇಡೀ ಹೊತ್ತು ಕಾಣುತ್ತಾನೆ. ಅದಕ್ಕಿಂತ ದೊಡ್ಡ ಲಾಭ ಸವಾರನಿಗೇ ಇತ್ತು.

ಬೈಕಿನಲ್ಲಿ ತಿರುವು ತೆಗೆದುಕೊಳ್ಳುವಾಗ ನೀವು ಒಳಮಗ್ಗುಲಿಗೆ ವಾಲುತ್ತೀರಿ, ಅಲ್ವಾ? ವಾಲದಿದ್ದರೆ ಹೊರಗೆ ಎಸೆದಂತಾಗುತ್ತದೆ. ದೇಹಕ್ಕೆ ನೇರ ಹೋಗುವ ಹಟ, ಗಾಡಿ ಅದನ್ನು ಒಳಗೆ ಎಳೆಯುತ್ತಿರುತ್ತದೆ. ಸರಿಯಾದ ಕೋನದಲ್ಲಿ ವಾಲಿದರೆ ಆ ಹೊರಸೆಳೆತವೂ ಮೈಭಾರವೂ ಕೂಡಿ ನಿಮ್ಮನ್ನು ಸೀಟಿಗೆ ಒತ್ತಿ ಹಿಡಿಯುತ್ತವೆ. ಕುದುರೆಯ ಮೇಲೆ ನಿಂತವನಿಗೂ ಹಾಗೇ. ಕುದುರೆ ಒಳಕ್ಕೆ ವಾಲಿ ಓಡುತ್ತದೆ, ಸವಾರನೂ ವಾಲುತ್ತಾನೆ, ಅಂಗಾಲು ಕುದುರೆಯ ಬೆನ್ನಿಗೆ ತುಸು ಜಾಸ್ತಿಯೇ ಒತ್ತಿಕೊಳ್ಳುತ್ತದೆ. ನೇರ ಓಟದಲ್ಲಿ ಯಾವ ಕಡೆ ಬೀಳುತ್ತೇನೋ ಎಂಬ ಭಯವಿದ್ದರೆ ಇಲ್ಲಿ ಒಂದೇ ಕಡೆಯ ಲೆಕ್ಕ ನೋಡಿಕೊಂಡರೆ ಸಾಕು. ಜಾತ್ರೆಗಳಲ್ಲಿ ಹಲಗೆಯ ಬಾವಿಯೊಳಗೆ ಬೈಕ್ ಓಡಿಸುತ್ತಾರಲ್ಲ, ಗೋಡೆಗೆ ಅಡ್ಡಡ್ಡವಾಗಿ, ಕೈಬಿಟ್ಟು, ಜನರ ಕೈಯಿಂದ ನೋಟು ಕಿತ್ತುಕೊಳ್ಳುತ್ತ? ಅದೂ ಇದೇ ನಿಯಮದ ಇನ್ನೊಂದು ತುದಿ.

ಆ್ಯಸ್ಟ್ಲಿ ಬೇರೆ ಬೇರೆ ಅಳತೆ ಹಾಕಿ ನೋಡಿ ಕೊನೆಗೆ 42 ಅಡಿ ವ್ಯಾಸಕ್ಕೆ ಬಂದು ನಿಂತ. ಮೀಟರಿನಲ್ಲಿ ಸುಮಾರು 13. ಇವತ್ತಿಗೂ ಸರ್ಕಸ್ ರಿಂಗಿನ ಅಳತೆ ಜಗತ್ತಿನಾದ್ಯಂತ ಹೆಚ್ಚುಕಡಿಮೆ ಅದೇ. ಶಾಲೆಯ 22/7 ಇಲ್ಲಿ ಚೊಕ್ಕವಾಗಿ ಕೂರುತ್ತದೆ: ಸುತ್ತಳತೆ 132 ಅಡಿ, ಅಂದರೆ 40 ಮೀಟರ್. ಕುದುರೆ ಸೆಕೆಂಡಿಗೆ 5 ಮೀಟರ್ ಓಡಿದರೆ 8 ಸೆಕೆಂಡಿಗೆ ಒಂದು ಸುತ್ತು. ಆ ವೇಗಕ್ಕೆ ಸವಾರ 20 ಡಿಗ್ರಿಗಿಂತ ತುಸು ಜಾಸ್ತಿ ಒಳಗೆ ವಾಲಬೇಕು. ರಿಂಗ್ ಇನ್ನೂ ಚಿಕ್ಕದಾದರೆ ವಾಲುವುದು ವಿಪರೀತವಾಗುತ್ತದೆ, ಕುದುರೆಗೂ ತಿರುಗಲು ಕಷ್ಟ. ದೊಡ್ಡದಾದರೆ ಈ ಒತ್ತು ಸಾಲುವುದಿಲ್ಲ, ನಡುವೆ ನಿಂತ ತರಬೇತುದಾರನ ಉದ್ದ ಚಾಟಿಯೂ ಕುದುರೆಗೆ ಮುಟ್ಟುವುದಿಲ್ಲ. ಅಲ್ಲಿ ಮನುಷ್ಯ ನಡುವೆ, ಕುದುರೆ ಸುತ್ತಲೂ. ನಮ್ಮ ಚೆನ್ನಮ್ಮ ಸರ್ಕಲ್‌ನಲ್ಲಿ ರಾಣಿಯ ಪ್ರತಿಮೆಯ ಕುದುರೆ ನಡುವೆ, ಮನುಷ್ಯರು ಸುತ್ತಲೂ!

ಬರೀ ಕುದುರೆ ಎಷ್ಟು ಹೊತ್ತು ನೋಡುತ್ತಾರೆ? 1770ರಿಂದ ಆ್ಯಸ್ಟ್ಲಿ ನಡುನಡುವೆ ಹಗ್ಗದ ಮೇಲೆ ನಡೆಯುವವರು, ಲಾಗ ಹಾಕುವವರು, ನಗಿಸುವವರನ್ನು ಸೇರಿಸಿದ. ನಾವು ಸರ್ಕಸ್ ಎನ್ನುವ ಪಾಕ ಅಲ್ಲಿ ಇಳಿಯಿತು. ಆದರೆ ಅವನು ತನ್ನ ಜಾಗಕ್ಕೆ ಆ ಹೆಸರು ಇಡಲಿಲ್ಲ. ಆಂಫಿಥಿಯೇಟರ್ ಎಂದು ಕರೆದುಕೊಂಡ. 1782ರಲ್ಲಿ ಅವನ ಹಳೇ ಜೊತೆಗಾರ, ಸವಾರ ಚಾರ್ಲ್ಸ್ ಹ್ಯೂಸ್, ಚಾರ್ಲ್ಸ್ ಡಿಬ್ಡಿನ್ ಎಂಬ ಸಂಗೀತಗಾರನ ಜೊತೆ ಸೇರಿ ಅಲ್ಲೇ ಹತ್ತಿರ ಪೈಪೋಟಿಗೆ ಇನ್ನೊಂದು ಶುರುಮಾಡಿದ. ಹೆಸರು ‘ರಾಯಲ್ ಸರ್ಕಸ್’. ಆಟ ಕಟ್ಟಿದವನೊಬ್ಬ, ಹೆಸರು ಕೊಟ್ಟವರು ಅವನ ಎದುರಾಳಿಗಳು. ಜನ ಎದುರಾಳಿಗಳ ಹೆಸರನ್ನೇ ಹಿಡಿದುಕೊಂಡರು.

ಉಳಿದವು ಒಂದೊಂದಾಗಿ ಬಂದವು. ಬಟ್ಟೆಯ ಡೇರೆ 1825ರಲ್ಲಿ ಅಮೆರಿಕದಲ್ಲಿ, ಹಾರುವ ಜೋಕಾಲಿಯಾಟ 1859ರಲ್ಲಿ ಪ್ಯಾರಿಸ್ಸಿನಲ್ಲಿ, ಝೂಲ್ ಲಿಯೋಟಾರ್ ಎಂಬುವನಿಂದ. ಮೈಗಂಟುವ ಲಿಯೋಟಾರ್ಡ್ ಉಡುಪಿಗೆ ಹೆಸರು ಅವನದೇ.

ಭಾರತದ ಕಥೆ ನಮ್ಮ ನೆರೆಯಲ್ಲೇ ಶುರುವಾಗುತ್ತದೆ. ವಿಷ್ಣುಪಂತ ಛತ್ರೆ ಎಂಬುವರು ಕೃಷ್ಣಾ ತೀರದ ಕುರುಂದವಾಡ ಸಂಸ್ಥಾನದಲ್ಲಿ ಕುದುರೆ ಲಾಯದ ಮೇಲ್ವಿಚಾರಕರಾಗಿದ್ದರು. ಜಮಖಂಡಿಯನ್ನು ಆಳಿದ ಪಟವರ್ಧನರ ಮನೆತನವೇ ಅಲ್ಲೂ ಆಳುತ್ತಿತ್ತು. ಇಟಲಿಯ ಕಿಯಾರಿನಿಯ ಸರ್ಕಸ್ ಮುಂಬೈಗೆ ಬಂದಾಗ, ಇಂಥದ್ದನ್ನು ಕಟ್ಟಲು ಭಾರತೀಯರಿಗೆ ಇನ್ನೂ ಬಹಳ ಕಾಲ ಬೇಕು ಎಂದು ಅವನು ಹಂಗಿಸಿದನಂತೆ. ಛತ್ರೆ ಅದನ್ನೇ ಸವಾಲಾಗಿ ತೆಗೆದುಕೊಂಡರು ಎಂದು ಹೇಳುತ್ತಾರೆ. 1880ರಲ್ಲಿ ಅವರ ‘ಗ್ರೇಟ್ ಇಂಡಿಯನ್ ಸರ್ಕಸ್’ ಮೊದಲ ಆಟ ಆಡಿತು. ಇಲ್ಲೂ ಮೊದಲು ಕುದುರೆ, ಆಮೇಲೆ ಉಳಿದದ್ದು. ಮುಂದೆ ಕೇರಳದ ತಲಶ್ಶೇರಿಯಲ್ಲಿ ಕೀಲೇರಿ ಕುಂಞಿಕಣ್ಣನ್ 1901ರಲ್ಲಿ ಸರ್ಕಸ್ ಶಾಲೆಯನ್ನೇ ತೆರೆದರು. ಭಾರತದ ಡೇರೆಗಳಲ್ಲಿ ಮಲಯಾಳಿಗಳು ಅಷ್ಟೊಂದು ಇದ್ದದ್ದು ಅದಕ್ಕೇ.

ನಮ್ಮ ಕಡೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು, ಕಾರ್ಖಾನೆ ಹುಬ್ಬಳ್ಳಿಯಲ್ಲಿತ್ತು. ಆನೆ, ಕುದುರೆ, ಕಂಬ, ಡೇರೆ, ಇನ್ನೂರು ಜನರ ಅಡುಗೆ ಪಾತ್ರೆ ಎಲ್ಲವನ್ನೂ ಎಳೆದುಕೊಂಡು ತಿರುಗುವ ಕಂಪನಿಗೆ ರೈಲು ಜಂಕ್ಷನ್ ಇರುವ ಊರಿಗಿಂತ ಅನುಕೂಲ ಇನ್ನೇನಿದೆ? ನಾಟಕ ಕಂಪನಿಯಂತೆ ಸರ್ಕಸ್ ಕಂಪನಿಗೂ ಇಲ್ಲಿ ‘ಕ್ಯಾಂಪ್’ ಎಂದೇ ಹೇಳುವುದು. ರಾತ್ರಿ ಆಕಾಶದಲ್ಲಿ ತಿರುಗುವ ದೊಡ್ಡ ದೀಪದ ಬೆಳಕು ಕಂಡರೆ ಸುತ್ತಲಿನ ಹಳ್ಳಿಯವರಿಗೆ ಪೋಸ್ಟರ್ ಬೇಕಾಗಿರಲಿಲ್ಲ. ಆಮೇಲೆ ಡೇರೆ ಬರಿದಾಗುತ್ತ ಬಂತು. ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಆಡಿಸಬಾರದು ಎಂದು 1998ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮಕ್ಕಳನ್ನು ದುಡಿಸಬಾರದು ಎಂಬ ತೀರ್ಪು 2011ರಲ್ಲಿ ಬಂತು. ಎರಡೂ ಸರಿಯಾದ ನಿರ್ಧಾರಗಳೇ. ಸರ್ಕಸ್ಸಿನವರಿಗೆ ಕಷ್ಟವಾಯಿತು ಎಂಬುದೂ ಅಷ್ಟೇ ನಿಜ.

ಆಟ ಸೊರಗಿದರೂ ಶಬ್ದ ಸೊರಗಲಿಲ್ಲ. ಅದರ ನೆಂಟರಂತೂ ಎಲ್ಲೆಲ್ಲೂ ಇದ್ದಾರೆ. ಸರ್ಕ್ಯೂಟ್, ಸರ್ಕ್ಯುಲರ್ ಸುಲಭಕ್ಕೆ ಗುರುತು ಸಿಗುತ್ತವೆ. ‘ಸರ್ಚ್’ ಗುರುತು ಸಿಗುವುದಿಲ್ಲ. ಅದರ ಮೂಲ ‘ಕಿರ್ಕಾರೆ’, ಅಂದರೆ ಸುತ್ತಾಡು. ಕಳೆದದ್ದನ್ನು ಹುಡುಕುವವನು ಸುತ್ತಾಡಲೇಬೇಕಲ್ಲ? ಅದರ ಮುಂದೆ ಒಂದು ‘ರಿ’ ಹಚ್ಚಿದರೆ ರಿಸರ್ಚ್. ಧಾರವಾಡದಲ್ಲಿ ಗೈಡ್ ಸಹಿಗಾಗಿ ವರ್ಷಗಟ್ಟಲೆ ಸುತ್ತುವ ಪಿಎಚ್.ಡಿ. ಹುಡುಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಇನ್ನು ನೆಂಟರಂತೆ ಕಂಡು ನೆಂಟರಲ್ಲದವರೂ ಇದ್ದಾರೆ. ಸರ್ಕಾರ ಪಾರ್ಸಿ ಶಬ್ದ: ‘ಸರ್’ ಅಂದರೆ ತಲೆ, ‘ಕಾರ್’ ಅಂದರೆ ಕೆಲಸ. ಚಕ್ರವೂ ಈ ಮನೆಯದಲ್ಲ. ಸಂಸ್ಕೃತದ ಚಕ್ರಕ್ಕೆ ದೂರದ ಅಣ್ಣತಮ್ಮಂದಿರು ಇಂಗ್ಲಿಷಿನ ವೀಲ್ ಮತ್ತು ಗ್ರೀಕ್ ಮೂಲದ ಸೈಕಲ್.

ನನಗೆ ಜಾಸ್ತಿ ಕುತೂಹಲ ಇರುವುದು ಕನ್ನಡದ ‘ಸರ್ಕಸ್ ಮಾಡು’ ಎಂಬ ಮಾತಿನಲ್ಲಿ. ಇಂಗ್ಲಿಷಿನವರು ಒಂದು ಸಭೆಯನ್ನು ‘ಸರ್ಕಸ್’ ಎಂದರೆ ಅಲ್ಲಿ ಗದ್ದಲ, ತಲೆಬುಡವಿಲ್ಲದ ಓಡಾಟ, ಯಾರ ಮಾತೂ ಯಾರಿಗೂ ಕೇಳದ ಸ್ಥಿತಿ ಎಂದರ್ಥ. ನಾವು ಹಾಗೆ ಹೇಳುವುದು ಕಡಿಮೆ. "ಏನೇನೋ ಸರ್ಕಸ್ ಮಾಡಿ ಸೀಟು ಹಿಡಿದೆ" ಎಂದರೆ ನಿಂತ ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು, ಬ್ಯಾಗು ತೂರಿಸಿ, ಮುಂದಿನ ಬಾಗಿಲಿಂದ ನುಗ್ಗಿ, ಕೊನೆಗೂ ಗದಗಿನವರೆಗೆ ಕೂತು ಹೋದೆ ಎಂದರ್ಥ. ಅಲ್ಲಿ ಗದ್ದಲಕ್ಕಿಂತ ಪ್ರಯತ್ನ ಮುಖ್ಯ. ತೂಕ ತಪ್ಪದಂತೆ, ಬೀಳದಂತೆ ಮಾಡಿದ ಹರಸಾಹಸ. ತಿಂಗಳ ಕೊನೆಗೆ ಸಂಬಳ ಸರಿದೂಗಿಸುವುದೂ ಸರ್ಕಸ್ಸೇ. ಇಂಗ್ಲಿಷ್ ಈ ಶಬ್ದವನ್ನು ಗ್ಯಾಲರಿಯಲ್ಲಿ ಕೂತವರ ಕಡೆಯಿಂದ ನೋಡಿತು, ಕನ್ನಡ ಹಗ್ಗದ ಮೇಲಿದ್ದವರ ಕಡೆಯಿಂದ.

ಯಾಕೆ ಹೀಗಾಯಿತು? ನನ್ನ ಊಹೆ ಇಷ್ಟು. ಗದ್ದಲಕ್ಕೆ ನಮ್ಮಲ್ಲಿ ಶಬ್ದದ ಬರ ಇರಲಿಲ್ಲ. ಕ್ಲಾಸಿನಲ್ಲಿ ಹುಡುಗರು ಕೂಗಾಡಿದರೆ ಮಾಸ್ತರರು "ಏನಿದು ಸಂತೆ?" ಎನ್ನುತ್ತಾರೆ. ಮನೆಯಲ್ಲಿ ಜನ ತುಂಬಿದರೆ ಅದು ಜಾತ್ರೆ. ಇನ್ನೊಂದು ಕಡೆ, ಮೈಬಗ್ಗಿಸಿ ಮಾಡುವ ಸಾಹಸಕ್ಕೆ ನಮ್ಮಲ್ಲಿ ಆಗಲೇ ಒಂದು ರೂಢಿ ಇತ್ತು: "ತಿಪ್ಪರಲಾಗ ಹಾಕಿದರೂ ಆಗೋದಿಲ್ಲ". ಲಾಗ ಹಾಕುವ ಆಟವನ್ನು ಬದುಕಿನ ಒದ್ದಾಟಕ್ಕೆ ಹೋಲಿಸುವ ಅಭ್ಯಾಸ ಮೊದಲೇ ಇದ್ದದ್ದರಿಂದ, ಡೇರೆಯೊಳಗೆ ಲಾಗ ಹಾಕುವವರು ಬಂದಾಗ ಅವರ ಆಟದ ಹೆಸರೂ ಅದೇ ಸಾಲಿನಲ್ಲಿ ಹೋಗಿ ಕೂತಿತು. ‘ದೊಂಬರಾಟ’ ಎಂಬ ಹಳೆಯ ಶಬ್ದವೂ ಇತ್ತು. ಅದನ್ನು ನಾವು ಬೈಗುಳದಂತೆ ಬಳಸಿಬಿಟ್ಟೆವು. ಅದು ಒಂದು ಸಮುದಾಯದ ಹೆಸರು. ಊರೂರು ತಿರುಗಿ, ಹಗ್ಗ ಕಟ್ಟಿ, ಜೀವ ಒತ್ತೆಯಿಟ್ಟು ಹೊಟ್ಟೆ ಹೊರೆದವರ ಹೆಸರು. ಈಗ ಆ ಜಾಗದಲ್ಲಿ ಸರ್ಕಸ್ ಬರುತ್ತಿದ್ದರೆ ಒಳ್ಳೆಯದೇ.

ಪತ್ರಿಕೆಗಳಲ್ಲಿ ಇದಕ್ಕೊಂದು ಪ್ರತಿಸ್ಪರ್ಧಿ ಇದೆ: ಕಸರತ್ತು. ಅರಬ್ಬಿಯಲ್ಲಿ ‘ಹೆಚ್ಚಳ’ ಎಂಬರ್ಥದ ಶಬ್ದ ಹಿಂದೂಸ್ತಾನಿಗೆ ಬಂದು, ಮತ್ತೆ ಮತ್ತೆ ಮಾಡುವ ಅಂಗಸಾಧನೆಯಾಗಿ, ನಮ್ಮ ಗರಡಿ ಮನೆಯ ಬಾಗಿಲಿಗೂ ಬಂತು. ಖಾತೆ ಹಂಚಿಕೆಗೆ ದೆಹಲಿಗೆ ಓಡಾಟ ನಡೆದಾಗ ಒಂದು ಪತ್ರಿಕೆ ‘ಸಂಪುಟ ಕಸರತ್ತು’ ಎನ್ನುತ್ತದೆ, ಇನ್ನೊಂದು ‘ಸಂಪುಟ ಸರ್ಕಸ್’ ಎನ್ನುತ್ತದೆ. ಎರಡೂ ಒಂದೇ ಸುದ್ದಿ. ಆದರೆ ಕಸರತ್ತು ಎಂದರೆ ಬಾಗಿಲು ಹಾಕಿಕೊಂಡು ಬೆವರು ಸುರಿಸಿದ ಹಾಗೆ. ಸರ್ಕಸ್ ಎಂದಾಗ ನೋಡುವ ಜನ, ನಗು, ಬೀಳಬಹುದೆಂಬ ನಿರೀಕ್ಷೆ ಎಲ್ಲ ಸೇರಿಕೊಳ್ಳುತ್ತವೆ. ಮುಖ್ಯಮಂತ್ರಿಯ ಮೇಲೆ ಸ್ವಲ್ಪ ಕನಿಕರ ಇದ್ದ ದಿನ ಉಪಸಂಪಾದಕರು ಮೊದಲನೆಯದನ್ನು ಹಾಕುತ್ತಾರೆ ಎಂದು ನನಗೆ ಅನುಮಾನ.